ಮನುಷ್ಯ ಒಳ್ಳೆಯವನೋ ಕೆಟ್ಟವನೋ: ಕೇಳುವವರು ಯಾರು?



ಬಿ.ಎ. ರಾಜ್ಯಶಾಸ್ತ್ರದ ನೋಟ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತೆ: ಮನುಷ್ಯ ಸ್ವಭಾವತಃ ಒಳ್ಳೆಯವನೋ, ಕೆಟ್ಟವನೋ? ಒಳ್ಳೆಯವನು ಅಂದರೆ ರೂಸೋ, ಕೆಟ್ಟವನು ಅಂದರೆ ಹಾಬ್ಸ್. ಆದರ್ಶವಾದ, ವಾಸ್ತವವಾದ ಅಂತ ಎರಡು ಕಾಲಂ ಎಳೆದು ಬರೆದರೆ ಹತ್ತು ಅಂಕ. ಅಂಕ ತಗೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಆ ಎರಡು ಕಾಲಮ್ಮಿನಲ್ಲಿ ಹೊಲಗೇರಿಯವನ ಜಾಗ ಎಲ್ಲಿ ಅಂತ ಒಂದ್ಸಲ ಹುಡುಕಿ ನೋಡಿ.

ಮೊದಲು ಆದರ್ಶದವರು. 1932ರಲ್ಲಿ ಪೂನಾ ಒಪ್ಪಂದವಾದ ಮೇಲೆ ಗಾಂಧೀಜಿ ಅಸ್ಪೃಶ್ಯತೆ ನಿವಾರಣೆಗೆ ಸಂಘ ಕಟ್ಟಿಸಿದರು. ಅದೇ ಮುಂದೆ ಹರಿಜನ ಸೇವಕ ಸಂಘವಾಯಿತು. ಸವರ್ಣನ ಹೃದಯ ಪರಿವರ್ತನೆಯಾಗುತ್ತೆ, ಆಗ ಅಸ್ಪೃಶ್ಯತೆ ಹೋಗುತ್ತೆ ಅನ್ನೋದು ಅವರ ನಂಬಿಕೆ. ಅದೇ ವರ್ಷ ಬಾಬಾಸಾಹೇಬರು ಸಂಘದ ಕಾರ್ಯದರ್ಶಿ ಠಕ್ಕರ್ ಅವರಿಗೆ ದೀರ್ಘ ಕಾಗದ ಬರೆದರು. ಸಾಮಾನ್ಯ ಮನುಷ್ಯ ಯೋಚಿಸಿ ಬದಲಾಗುವವನಲ್ಲ, ರೂಢಿ ಎಳೆದ ಕಡೆ ಹೋಗುವವನು; ಎದುರಿಂದ ತಡೆ ಬಂದಾಗಲೇ ಅವನು ನಿಂತು ಯೋಚಿಸುತ್ತಾನೆ; ಆದ್ದರಿಂದ ಬಾವಿ, ಶಾಲೆ, ಬೀದಿಗಳ ಹಕ್ಕಿಗೆ ನೇರ ಹೋರಾಟ ನಡೆಸಿ ಅನ್ನೋದು ಆ ಕಾಗದದ ತಿರುಳು. ಸಂಘ ಆ ದಾರಿ ಹಿಡಿಯಲಿಲ್ಲ. ಹೃದಯ ಬದಲಾಗಲಿ, ನಮಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಅದು ಬದಲಾಗೋ ತನಕ ನಮ್ಮವ್ವನ ಕೊಡಕ್ಕೆ ನೀರು ಯಾರು ತುಂಬ್ತಾರೆ?

ಇನ್ನು ವಾಸ್ತವದವರು. ಆಳುವವನಿಲ್ಲದಿದ್ದರೆ ಮನುಷ್ಯರು ಒಬ್ಬರ ಮೇಲೊಬ್ಬರು ಬೀಳ್ತಾರೆ, ಆದ್ದರಿಂದ ಅಧಿಕಾರವನ್ನೆಲ್ಲ ಒಂದು ಕಡೆ ಒಪ್ಪಿಸಿ ಅಂತ ಹಾಬ್ಸ್ 1651ರಲ್ಲಿ ಬರೆದ. ನಮ್ಮ ಶಾಸ್ತ್ರದವರು ಇದನ್ನೇ ಮತ್ಸ್ಯನ್ಯಾಯ ಅಂದರು: ದೊಡ್ಡ ಮೀನು ಸಣ್ಣದನ್ನು ನುಂಗುತ್ತೆ, ಅದಕ್ಕೇ ರಾಜನ ದಂಡ ಬೇಕು. ಸರಿ ಸ್ವಾಮಿ, ದೊಡ್ಡ ಮೀನೇ ದಂಡ ಹಿಡಿದು ಕೂತರೆ? ಈ ದೇಶಕ್ಕೆ ಶಿಸ್ತು ಸಾಲದು, ಬಿಗಿ ಕೈ ಬೇಕು ಅಂತ 1975ರಲ್ಲಿ ತುರ್ತುಪರಿಸ್ಥಿತಿ ಬಂತು. 1976ರಲ್ಲಿ ದಿಲ್ಲಿಯ ತುರ್ಕಮಾನ್ ಗೇಟಿನಲ್ಲಿ ಬಡವರ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಹಿಡಿದು ಹಿಡಿದು ಸಂತಾನಹರಣ ಮಾಡಿಸಿದರು. ಶಿಸ್ತು ಕಲಿಯಬೇಕಾಗಿ ಬಂದದ್ದು ಯಾರು? ಬಂಗಲೆಯವರಂತೂ ಅಲ್ಲ.

ಅಮೆರಿಕದ ಮ್ಯಾಡಿಸನ್ ಒಂದು ಹೆಜ್ಜೆ ಮುಂದೆ ಹೋದ. ಜನರೂ ದೇವತೆಗಳಲ್ಲ, ಆಳುವವರೂ ದೇವತೆಗಳಲ್ಲ, ಆದ್ದರಿಂದ ಸರ್ಕಾರದ ಕೈಯನ್ನೂ ಕಟ್ಟಬೇಕು ಅಂತ 1788ರಲ್ಲಿ ವಾದಿಸಿದ. ಭಲೆ! ಆದರೆ ಆತನೇ ಗುಲಾಮರನ್ನು ಇಟ್ಟುಕೊಂಡಿದ್ದವನು. 1787ರ ಅವರ ಸಂವಿಧಾನ ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ ಗುಲಾಮನನ್ನು ಐದರಲ್ಲಿ ಮೂರು ಭಾಗ ಅಂತ ಎಣಿಸಿತು. ಸರ್ಕಾರದ ಕೈ ಕಟ್ಟಿದರು, ಯಜಮಾನನ ಕೈ ಬಿಟ್ಟರು.

ಅಂಬೇಡ್ಕರ್ ದೊಡ್ಡವರಾಗೋದು ಇಲ್ಲಿ. ನಮ್ಮನ್ನು ತುಳಿಯೋದು ಸರ್ಕಾರ ಒಂದೇ ಅಲ್ಲ, ಪಕ್ಕದ ಬೀದಿಯವನೂ ತುಳೀತಾನೆ ಅನ್ನೋದು ಅವರಿಗೆ ಗೊತ್ತಿತ್ತು. ಸಂವಿಧಾನದ 17ನೇ ವಿಧಿ ಅವನ ಕೈಯನ್ನೂ ಕಟ್ಟುತ್ತೆ. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ ಅಂತ ಹೆಸರು ಹಿಡಿದು ಹೇಳುತ್ತೆ. 1989ರ ದೌರ್ಜನ್ಯ ತಡೆ ಕಾಯಿದೆಯ 4ನೇ ಕಲಂ ಇನ್ನೂ ಮುಂದೆ ಹೋಗಿ, ಬೇಕೂಂತ ಕರ್ತವ್ಯ ಮರೆತ ಅಧಿಕಾರಿಗೂ ಶಿಕ್ಷೆ ಅಂದಿತು. ಇದು ಮನುಷ್ಯನ ಮೇಲಿನ ದ್ವೇಷವಲ್ಲ. ಪೆಟ್ಟು ತಿಂದ ಬೆನ್ನು ಕಲಿತ ಪಾಠ.

ಕಾಯಿದೆ ಬರೆದರೆ ಸಾಕಾ? ಸಾಲದು. 1968ರ ಡಿಸೆಂಬರ್ 25ರ ರಾತ್ರಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 44 ಜನ ದಲಿತರನ್ನು ಗುಡಿಸಲಿನಲ್ಲಿ ಸುಟ್ಟರು. ಬಹಳ ಮಂದಿ ಹೆಂಗಸರು, ಮಕ್ಕಳು. ಕಾರಿಟ್ಟಿರೋ ಶ್ರೀಮಂತ ಭೂಮಾಲೀಕರು ತಾವೇ ನಡೆದು ಹೋಗಿ ಬೆಂಕಿ ಹಚ್ಚಿದರು ಅಂದರೆ ನಂಬೋದು ಕಷ್ಟ ಅಂತ ಮದ್ರಾಸ್ ಹೈಕೋರ್ಟು ಅವರನ್ನು ಬಿಟ್ಟಿತು. ನೋಡಿ, ಮನುಷ್ಯ ಸ್ವಭಾವದ ಬಗ್ಗೆ ಎಂಥ ಆದರ್ಶ! ಬಡವನ ಮೇಲೆ ಅನುಮಾನ, ಉಳ್ಳವನ ಮೇಲೆ ವಿಶ್ವಾಸ. ಒಂದೇ ದೇಶದಲ್ಲಿ ಅವರಿಗೆ ರೂಸೋ, ನಮಗೆ ಹಾಬ್ಸ್.

ನಡೆಸುವವರು ಕೆಟ್ಟರೆ ಒಳ್ಳೆಯ ಸಂವಿಧಾನವೂ ಕೆಡುತ್ತೆ, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಅಂತ 1949ರ ನವೆಂಬರ್ 25ರಂದು ಬಾಬಾಸಾಹೇಬರು ಎಚ್ಚರಿಸಿದ್ದರು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ದೌರ್ಜನ್ಯ ತಡೆ ಕಾಯಿದೆಯ ಹಲ್ಲು ಕಿತ್ತಾಗ ಅದನ್ನು ಉಳಿಸಿದ್ದು ಯಾರ ಹೃದಯವೂ ಅಲ್ಲ. ಏಪ್ರಿಲ್ 2ರಂದು ಬೀದಿಗಿಳಿದ ಜನ. ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿ ಮತ್ತೆ ಬಿಗಿ ಮಾಡಬೇಕಾಯಿತು.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿ. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನೋದು ಬಿಡುವಿದ್ದವರ ಪ್ರಶ್ನೆ. ಅಧಿಕಾರ ಯಾರ ಕೈಲಿದೆ, ಆ ಕೈ ಹಿಡಿಯೋರು ಯಾರು? ಇದು ನಮ್ಮ ಪ್ರಶ್ನೆ.

ಇದನ್ನು ಇವತ್ತೇ ಹಾಸ್ಟೆಲ್ಲಿನಲ್ಲಿ ಶುರು ಮಾಡಬಹುದು. ವಾರ್ಡನ್ ದೇವರಂಥೋರು ಅನ್ನಬೇಡಿ. ಕಳ್ಳ ಅಂತಲೂ ಅನ್ನಬೇಡಿ. ಈ ತಿಂಗಳು ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಬೆಂತು, ರಿಜಿಸ್ಟರ್ ತೋರಿಸಿ ಅಂತ ಹತ್ತು ಜನ ಒಟ್ಟಿಗೆ ಹೋಗಿ ಕೇಳಿ. ಒಳ್ಳೆಯವರಾದರೆ ಅವರಿಗೇನೂ ನಷ್ಟವಿಲ್ಲ. ಕೆಟ್ಟವರಾದರೆ ನಿಮ್ಮ ತಟ್ಟೆಗೆ ಎರಡು ಹಿಡಿ ಅನ್ನ ಹೆಚ್ಚು ಬೀಳುತ್ತೆ.