ಗದ್ದೇಲಿ ಹೆತ್ತು ನಾಟಿಗೆ ಇಳಿದವಳ ಕತೆ ಸಾಕು ಮಾಡ್ರಿ



ಪೋಸ್ಟ್ ಉದ್ದ ಇದೆ. ಮೊಲೆ, ಮೊಲೆಹಾಲು ಅಂತ ಬರೆದ್ರೆ ಮುಜುಗರ ಆಗೋರು ಇಲ್ಲೇ ನಿಲ್ಲಿಸಬಹುದು.

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ಆಸ್ಪತ್ರೆ ಗೋಡೆ ಮೇಲೆ ಬೆಳ್ಳಗಿನ ತಾಯಿ, ಗುಂಡುಗುಂಡಗಿನ ಕೂಸು, ಕೆಳಗೆ 'ತಾಯಿಯ ಹಾಲು ಅಮೃತ'. ಅದರ ಹಿಂದೇನೇ ವಾಟ್ಸಾಪ್‌ನಲ್ಲಿ ಒಂದು ಉಪದೇಶ ತಪ್ಪದೆ ಬರುತ್ತೆ. ಈಗಿನ ಹುಡುಗೀರಿಗೆ ತಾಳ್ಮೆ ಇಲ್ಲ, ಮಗು ಎರಡು ಸಲ ಕಿರುಚಿದ್ರೆ ಡಬ್ಬಿ ಹಾಲು ತರಿಸ್ತಾರೆ, ನಮ್ಮ ಕೂಲಿ ಹೆಂಗಸರನ್ನ ನೋಡಿ ಕಲೀಬೇಕು, ಗದ್ದೆ ಬದೂ ಮೇಲೆ ಹೆತ್ತು, ಮರಕ್ಕೆ ಜೋಲಿ ಕಟ್ಟಿ, ಸಂಜೆಗೆ ಮತ್ತೆ ನಾಟಿಗೆ ಇಳೀತಿದ್ರು, ಅವರಿಗೆಲ್ಲಿತ್ತು ಈ ಸಮಸ್ಯೆ ಅಂತ. ಈ ಸಲ ಇದನ್ನ ಬರೆದವರು ನಾವೆಲ್ಲ ಪ್ರಗತಿಪರರು ಅಂತ ಲೈಕ್ ಒತ್ತೋ ಒಬ್ಬ ಮಹನೀಯರು. ಹೆಸರು ಬೇಡ. ಆದ್ರೆ ಒಂದು ಪ್ರಶ್ನೆ. ಆ ಗದ್ದೆ ಯಾರದು ಸ್ವಾಮಿ? ಹೆತ್ತ ದಿನಾನೇ ಅವಳನ್ನ ನಾಟಿಗೆ ಕರೆದೋರು ಯಾರು?

ನೀವು ಹೊಗಳ್ತಿರೋ ಆ ಹೆಂಗಸು ನನ್ನಜ್ಜಿ. ಏಳು ಹೆತ್ತಳು, ಮೂರು ಉಳಿದ್ವು. ಉಳಿಯದ ನಾಲ್ಕರಲ್ಲಿ ಎರಡಕ್ಕೆ ಅವಳು ಕೊಡ್ತಿದ್ದ ಕಾರಣ ಒಂದೇ, 'ಹಾಲು ಹಿಡೀಲಿಲ್ಲ ಕಣವ್ವ'. ಇಷ್ಟೇ. ಯಾಕೆ ಹಿಡೀಲಿಲ್ಲ ಅಂತ ಕೇಳೋಕೆ ಅಲ್ಲಿ ಡಾಕ್ಟ್ರೂ ಇರ್ಲಿಲ್ಲ, ನರ್ಸೂ ಇರ್ಲಿಲ್ಲ, ಸತ್ತಿದ್ದನ್ನ ಬರ್ಕೊಳ್ಳೋ ಪುಸ್ತಕಾನೂ ಇರ್ಲಿಲ್ಲ. ಅವಳಿಗೆ ಸಮಸ್ಯೆ ಇರ್ಲಿಲ್ಲ ಅಂತೀರಲ್ಲ, ಆ ಸಮಸ್ಯೆಗಳನ್ನ ಹಳ್ಳದ ದಡದಲ್ಲಿ ಮಣ್ಣು ಮಾಡಿದ್ವಿ.

ಇದು ಹಳೇ ಕತೆ ಅಂದ್ಕೋಬೇಡಿ. ನಮ್ಮಕ್ಕನ ಮಗಳು ಒಂದು ಪಟ್ಟಣದಲ್ಲಿ ಗುತ್ತಿಗೆ ಮೇಲೆ ಬೀದಿ ಗುಡಿಸ್ತಾಳೆ. ಈ ವರ್ಷ ಚೊಚ್ಚಲ ಹೆರಿಗೆ, ಸಿಸೇರಿಯನ್. ಮೊದಲ ದಿನ ಕೂಸು ನಿದ್ದೆ. ಎರಡನೇ ರಾತ್ರಿ ಶುರುವಾಯ್ತು ನೋಡಿ ಅಳು. ಮೊಲೆ ಹತ್ರ ತಂದ್ರೆ ತಲೆ ಆ ಕಡೆ ಈ ಕಡೆ ಒದರುತ್ತೆ, ಬಾಯಿಗೆ ಹಿಡೀತು ಅನ್ನೋವಷ್ಟರಲ್ಲಿ ಬಿಡುತ್ತೆ, ಮುಷ್ಟಿ ಕಟ್ಟಿ ಕೆಂಪಾಗಿ ಕಿರುಚುತ್ತೆ. ಪಕ್ಕದ ಬೆಡ್ಡಿನವರ ಮಗೂನೂ ಹಾಗೇ ಅಳ್ತಿತ್ತು. ಅಲ್ಲಿ ಸಿಸ್ಟರ್ ಅರ್ಧ ಗಂಟೆ ಕೂತು, ದಿಂಬು ಇಟ್ಟು, ಕೈ ಹಿಡಿದು ಹೇಳ್ಕೊಟ್ಟಳು. ನಮ್ಮ ಹುಡುಗಿ ಹತ್ರ ಬಂದು ಕೇಸ್ ಶೀಟ್ ತಿರುವಿದಳು. ಜನನಿ ಸುರಕ್ಷಾ ದುಡ್ಡು ಬರಲಿ ಅಂತ ಬರೆಸಿದ್ದ ಜಾತಿ ಅದರಲ್ಲಿತ್ತು. 'ನಿಮ್ಮೋರಿಗೂ ಇದನ್ನ ಹೇಳ್ಕೊಡ್ಬೇಕಾ? ಹಾಲಿಲ್ಲ ಅಂದ್ರೆ ಡಬ್ಬಿ ತರಿಸಿ' ಅಂದು ಹೋದಳು.

'ನಿಮ್ಮೋರಿಗೂ' ಅನ್ನೋ ಮಾತು ಗಮನಿಸಿ. ಅದರಲ್ಲಿ ಬೈಗುಳ ಇಲ್ಲ. ನೋಡಿದ್ರೆ ಹೊಗಳಿಕೇನೇ. ನೀವು ಗಟ್ಟಿಗಿತ್ತಿಯರು, ನಿಮಗೆ ಎಲ್ಲಾ ತಾನಾಗೇ ಬರುತ್ತೆ ಅಂತ. ಗದ್ದೆ ಬದುವಿನ ಕತೆ ಆ ವಾರ್ಡಲ್ಲಿ ಮಾಡೋ ಕೆಲಸ ಇದೇ. ನಮ್ಮ ಮೈಯಿಗೆ ನೋವಿಲ್ಲ ಅಂತ ಹಾಡಿ ಹೊಗಳೋದು, ಆಮೇಲೆ ನೋವಿನ ಮಾತ್ರೆ ಕೊಡದೇ ಇರೋದು. ಒಬ್ಬ ಸಿಸ್ಟರ್ ತಲೆ ಮೇಲೆ ಎಷ್ಟು ಬೆಡ್ ಹಾಕಿರ್ತಾರೆ ಅನ್ನೋದು ನನಗೂ ಗೊತ್ತು. ಆದ್ರೆ ಇರೋ ಅರ್ಧ ಗಂಟೆ ಯಾವ ಬೆಡ್ಡಿಗೆ ಹೋಗುತ್ತೆ ಅನ್ನೋದನ್ನ ಕೆಲಸದ ಹೊರೆ ತೀರ್ಮಾನ ಮಾಡಲ್ಲ.

ಈಗ ಆ ಎರಡನೇ ರಾತ್ರಿ ಬಗ್ಗೆ. ಇದನ್ನ ನಮ್ಮ ಹೆಣ್ಮಕ್ಕಳಿಗೆ ಯಾರೂ ಮೊದಲೇ ಹೇಳಲ್ಲ, ಅದಕ್ಕೇ ಬಿಡಿಸಿ ಬರೀತೀನಿ. ಎರಡನೇ ರಾತ್ರಿ ಕೂಸು ಪದೇ ಪದೇ ಮೊಲೆ ಕೇಳೋದು, ಹಟ ಮಾಡೋದು ಸಾಮಾನ್ಯ. ಮೊದಲ ದಿನಗಳಲ್ಲಿ ಬರೋದು ಹಳದಿ ಬಣ್ಣದ ಗಟ್ಟಿ ಹಾಲು, ಒಂದು ಸಲಕ್ಕೆ ಒಂದು ಚಮಚ ಬಂದ್ರೆ ಹೆಚ್ಚು. ಕೂಸಿನ ಹೊಟ್ಟೇನೂ ಅಷ್ಟೇ ಪುಟ್ಟದು. ಮೊಲೆ ತುಂಬಿ ಹಾಲು ಇಳಿಯೋಕೆ ಎರಡರಿಂದ ನಾಲ್ಕು ದಿನ ಬೇಕು, ಸಿಸೇರಿಯನ್ ಆದ್ರೆ ಇನ್ನೂ ಸ್ವಲ್ಪ ತಡ ಆಗಬಹುದು. ಈ ನಡುವಿನ ಎರಡು ಮೂರು ದಿನಾನೇ ಎಲ್ಲರೂ ಸೇರಿ 'ಹಾಲಿಲ್ಲ' ಅಂತ ಷರಾ ಬರೆಯೋದು. ಷರಾ ಬಿದ್ದ ಮೇಲೆ ಡಬ್ಬಿ. ಡಬ್ಬಿ ಕುಡಿದ ಕೂಸು ಮಲಗುತ್ತೆ, ಮೊಲೆ ಚೀಪಲ್ಲ. ಚೀಪದ ಮೊಲೆಯಲ್ಲಿ ಹಾಲು ಹುಟ್ಟೋದು ಕಮ್ಮಿ ಆಗುತ್ತೆ, ಯಾಕಂದ್ರೆ ಎಷ್ಟು ಖಾಲಿ ಆಗುತ್ತೋ ಅಷ್ಟು ತುಂಬೋದು ಅದರ ಲೆಕ್ಕ. ವಾರದಲ್ಲಿ 'ಹಾಲಿಲ್ಲ' ಅನ್ನೋ ಸುಳ್ಳು ನಿಜ ಆಗಿಬಿಡುತ್ತೆ.

ಇವಳ ಪುಣ್ಯಕ್ಕೆ ನಮ್ಮೂರ ಆಶಾ ಕಾರ್ಯಕರ್ತೆ ಮಾರನೇ ದಿನ ಬಸ್ ಹತ್ತಿ ಬಂದ್ಲು. ಬಂದವಳೇ ಕೂಸಿನ ಬಟ್ಟೆ ಬಿಚ್ಚಿ ತಾಯಿ ಎದೆ ಮೇಲೆ ಬರಿಮೈಲಿ ಮಲಗಿಸಿ, ಮೇಲೆ ಸೀರೆ ಹೊದೆಸಿದಳು. ಅರ್ಧ ಗಂಟೆ ಮೊಲೆ ಸುದ್ದಿಗೇ ಹೋಗಲಿಲ್ಲ. ಅಳು ನಿಂತ್ಮೇಲೆ ಶುರು. ಕಿರುಚ್ತಿರೋ ಕೂಸಿನ ಬಾಯಿಗೆ ಮೊಲೆ ತುರುಕಬೇಡ, ಬಾಯಿ ಚಪ್ಪರಿಸಿದಾಗ, ಕೈ ಬಾಯಿಗೆ ತಂದಾಗಲೇ ಕೊಡು ಅಂದ್ಲು. ಹೊಲಿಗೆ ಮೇಲೆ ಭಾರ ಬೀಳದ ಹಾಗೆ ಕೂಸನ್ನ ಕಂಕುಳ ಕೆಳಗಿಂದ ಹಿಡಿಸಿದಳು. ಕತ್ತು ತಿರುಚಬಾರದು, ಮೂಗಿನ ನೇರಕ್ಕೆ ತೊಟ್ಟು ಇರಬೇಕು, ಆಕಳಿಸೋ ಥರ ಬಾಯಿ ದೊಡ್ಡದಾಗಿ ತೆರೆದಾಗ ಕೂಸನ್ನ ಹತ್ರ ತರಬೇಕು. ಬರೀ ತೊಟ್ಟಲ್ಲ, ಸುತ್ತಲ ಕಪ್ಪು ಭಾಗಾನೂ ಬಾಯೊಳಗೆ ಹೋಗಬೇಕು, ಗಲ್ಲ ಮೊಲೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು. ಹಿಡಿದ ಮೇಲೂ ನೋಯ್ತಾನೇ ಇದ್ರೆ ಹಿಡಿದಿದ್ದು ಸರಿ ಇಲ್ಲ. ಬಾಯಿ ಮೂಲೇಲಿ ಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು, ಎಳೀಬಾರದು. ಹಿಡೀದೇ ಹೋದಾಗ ಕೈಯಲ್ಲೇ ಹಿಂಡಿ ಒಳಲೆಯಲ್ಲಿ ಕುಡಿಸಿದಳು. ಹೌದು, ನಮ್ಮಜ್ಜೀರ ಒಳಲೆ. ಬಾಟಲಿ ಮುಟ್ಟಿಸಲಿಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರೀನೂ ಬಿಡದೆ.

ಐದನೇ ದಿನಕ್ಕೆ ಹಾಲು ಸೋರೋಕೆ ಶುರುವಾಯ್ತು. ಹಾಲು ಸಾಕಾಗ್ತಿದ್ಯಾ ಅನ್ನೋದಕ್ಕೆ ಅಳು ಅಳತೆ ಅಲ್ಲ, ಒದ್ದೆ ಬಟ್ಟೆ ಎಣಿಸಿ ಅಂದಿದ್ಲು ಆಶಾ ಅಕ್ಕ. ಐದು ದಿನ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಕಮ್ಮಿ ಒದ್ದೆ ಮಾಡಿದ್ರೆ, ಎಬ್ಬಿಸಿದ್ರೂ ಏಳದೆ ಮಂಕಾಗಿದ್ರೆ, ಜ್ವರ ಬಂದ್ರೆ, ಮೈ ಕಣ್ಣು ಹಳದಿ ಏರ್ತಾ ಹೋದ್ರೆ ಯಾರ ಮಾತೂ ಕೇಳದೆ ಡಾಕ್ಟರ ಹತ್ರ ಹೋಗಬೇಕು. ಮೊದಲ ವಾರ ತೂಕ ಸ್ವಲ್ಪ ಇಳಿಯೋದು ಸಹಜ, ಎರಡು ವಾರದೊಳಗೆ ವಾಪಸ್ ಬರಬೇಕು. ಇವಳ ಕೂಸು ಹನ್ನೆರಡನೇ ದಿನಕ್ಕೆ ಹುಟ್ಟಿದ ತೂಕಕ್ಕೆ ಬಂತು.

ಇಷ್ಟೇ ವಿದ್ಯೆ. ಅರ್ಧ ದಿನದಲ್ಲಿ ಕಲಿಸಬಹುದಾದ್ದು. ಯಾವ ತಾಯಿಗೂ ಹುಟ್ಟಿನಿಂದ ಬರಲ್ಲ, ಯಾವ ಜಾತಿ ರಕ್ತದಲ್ಲೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ತೆಗೆದು ನೋಡಿ. ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೇಲೇ ಆಗ್ತಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ನೂರಕ್ಕೆ 41.8. ಅಂದ್ರೆ ಆ ಮೊದಲ ಗಂಟೆ ತಪ್ಪಿಹೋಗ್ತಿರೋದು ಬಹುಪಾಲು ಆಸ್ಪತ್ರೆ ಗೋಡೆ ಒಳಗೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋ ಸಿಸೇರಿಯನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತೆ, ಇಬ್ಬರೂ ಚೆನ್ನಾಗಿದ್ರೆ ಕೂಸನ್ನ ಅಲ್ಲೇ ಎದೆಗೆ ಕೊಡಬಹುದು. ಯಾಕೆ ಕೊಡಲ್ಲ? ಈ ಪ್ರಶ್ನೇನ 'ಈಗಿನ ಹುಡುಗೀರಿಗೆ' ಕೇಳಬೇಡಿ.

ನಮ್ಮ ಕೇರೀನೂ ಇದಕ್ಕೆ ಹೊರತಲ್ಲ, ಅದನ್ನೂ ಹೇಳ್ಬಿಡ್ತೀನಿ. ಮೊದಲ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲೋದು, ಸಕ್ಕರೆ ನೀರು, ಜೇನು, ಹರಳೆಣ್ಣೆ ನೆಕ್ಕಿಸೋದು, ಮೈ ಊದುತ್ತೆ ಅಂತ ಬಾಣಂತಿಗೆ ನೀರೇ ಕೊಡದಿರೋದು. ಮೇಲಿನವರ ಮನೆ ಬಾಣಂತನ ನೋಡಿ ಕಲಿತದ್ದೋ, ನಮ್ಮದೇ ಇತ್ತೋ, ನಿಲ್ಲಿಸ್ರವ್ವ. ತುಪ್ಪ, ಒಣಶುಂಠಿ, ಮೂರು ತಿಂಗಳ ತವರು ನಮಗೆ ಯಾವತ್ತೂ ಬರ್ಲಿಲ್ಲ. ನೀರು ಕೊಡದಿರೋ ಪದ್ಧತಿ ಮಾತ್ರ ಹೆಂಗೆ ಬಂತೋ!

ಹಾಲು ಇಳೀತು, ಕೂಸು ಹಿಡೀತು. ಕತೆ ಮುಗೀಲಿಲ್ಲ. ನಲವತ್ತೈದನೇ ದಿನ ಮೇಸ್ತ್ರಿ ಫೋನು. ನಾಳೆಯಿಂದ ಬರ್ದಿದ್ರೆ ಬೇರೆಯವಳನ್ನ ಹಾಕ್ಕೋತೀನಿ. ಬೆಳಗಿನ ಜಾವ ಹೋದವಳು ಮಧ್ಯಾಹ್ನ ಬರೋವರೆಗೆ ಮೊಲೆ ಕಲ್ಲಾಗುತ್ತೆ, ರವಿಕೆ ಒದ್ದೆ, ಚಳಿಜ್ವರ. ಹಿಂಡಿ ಇಟ್ಟು ಹೋಗಬಹುದಲ್ಲ ಅಂತ ಬುದ್ಧಿ ಹೇಳೋರಿದ್ದಾರೆ. ಎಲ್ಲಿ ಹಿಂಡ್ಬೇಕು? ಉಚ್ಚೆ ಹೊಯ್ಯೋಕೇ ಜಾಗ ಇಲ್ಲದ ಬೀದೀಲಿ?

ನನ್ನಂಥ ಸರ್ಕಾರಿ ನೌಕರಳಿಗೆ 180 ದಿನ ಸಂಬಳ ಸಮೇತ ಹೆರಿಗೆ ರಜೆ ಇದೆ. ನಾನು ಎಸ್‌ಡಿಎ, ಮೀಸಲಾತಿಯಿಂದ ಕೂತ ಕುರ್ಚಿ, ಹೆಮ್ಮೆಯಿಂದಲೇ ಹೇಳ್ತೀನಿ. ನಮ್ಮ ಆಫೀಸಿನ ಮುಂದೆ ಗುಡಿಸೋ ನನ್ನದೇ ರಕ್ತದ ಹುಡುಗಿಗೆ 45 ದಿನ, ಸಂಬಳ ಇಲ್ಲ. ಕಾನೂನು ಇಲ್ವಾ? ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು ಮೊದಲ ಎರಡು ಮಕ್ಕಳಿಗೆ 26 ವಾರ ಆಯ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು. 2020ರ ಸಾಮಾಜಿಕ ಭದ್ರತಾ ಸಂಹಿತೇಲೂ ಇದೇ ಇದೆ. ಮಗುವಿಗೆ 15 ತಿಂಗಳಾಗೋವರೆಗೆ ದಿನಕ್ಕೆ ಎರಡು ಸಲ ಹಾಲು ಕುಡಿಸೋ ಬಿಡುವು, 50 ಜನ ಇರೋ ಕಡೆ ಶಿಶುಪಾಲನಾ ಕೇಂದ್ರ. 'ಅವರು ಖಾಯಂ ಅಲ್ಲ' ಅನ್ನೋ ಹಳೇ ರಾಗಕ್ಕೆ ಸುಪ್ರೀಂ ಕೋರ್ಟು 2000ದಲ್ಲೇ ಉತ್ತರ ಕೊಟ್ಟಿದೆ. ದೆಹಲಿ ಮಹಾನಗರಪಾಲಿಕೆಯ ಮಸ್ಟರ್ ರೋಲ್ ಹೆಣ್ಮಕ್ಕಳ ಕೇಸದು. ಮಣ್ಣು ಅಗೆಯೋ, ರಸ್ತೆ ಕೆಲಸ ಮಾಡೋ ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಕೊಡಲೇಬೇಕು ಅಂತ.

ಈ ಹಕ್ಕು ಯಾರ ಭಿಕ್ಷೇನೂ ಅಲ್ಲ. 1928ರ ಜುಲೈನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆ ಬಂದಾಗ ಎದ್ದು ನಿಂತು ಸಮರ್ಥಿಸಿದವರು ಬಾಬಾಸಾಹೇಬರು. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಭಾರ ಸರ್ಕಾರ ಹೊರಬೇಕು, ಹೆಣ್ಣಿನ ದುಡಿಮೆಯಿಂದ ಲಾಭ ಪಡೆಯೋ ಮಾಲೀಕನೂ ಹೊರಬೇಕು ಅನ್ನೋದು ಅವರ ವಾದ. ಎರಡು ವರ್ಷದ ಹಿಂದೆ, 1926ರ ಜುಲೈನಲ್ಲಿ, ಅವರ ಕಿರಿಯ ಮಗ ರಾಜರತ್ನ ತೀರಿಕೊಂಡಿದ್ದ. ರಮಾಬಾಯಿ ಹೆತ್ತ ಐದರಲ್ಲಿ ಉಳಿದದ್ದು ಯಶವಂತ ಒಬ್ಬನೇ. ಆ ಭಾಷಣವನ್ನ ನಾನು ಯಾವತ್ತೂ ಬರೀ ಕಾನೂನಿನ ಭಾಷಣ ಅಂತ ಓದಿಲ್ಲ.

ಡಬ್ಬಿ ಕಂಪನಿಗಳ ವಿಷಯ ಎರಡೇ ಮಾತು. 1992ರ ಶಿಶು ಹಾಲು ಬದಲಿಗಳ ಕಾಯ್ದೆ ಪ್ರಕಾರ ಡಬ್ಬಿ ಹಾಲಿನ ಜಾಹೀರಾತು, ಪುಕ್ಕಟೆ ಡಬ್ಬಿ ಹಂಚೋದು, ಡಾಕ್ಟ್ರಿಗೆ ನರ್ಸಿಗೆ ಉಡುಗೊರೆ ಕೊಡೋದು ಎಲ್ಲಾ ಅಪರಾಧ, ಮೂರು ವರ್ಷದವರೆಗೆ ಜೈಲು. ವಾರ್ಡಲ್ಲಿ ಯಾರಾದ್ರೂ ಒಂದೇ ಬ್ರ್ಯಾಂಡಿನ ಹೆಸರು ಚೀಟೀಲಿ ಬರ್ಕೊಟ್ರೆ ಆ ಚೀಟಿ ಎತ್ತಿಟ್ಕೊಳ್ಳಿ. ಅದೇ ಹೊತ್ತಿಗೆ, ನಿಜವಾಗಿ ಡಬ್ಬಿ ಹಾಲು ಬೇಕಾಗೋ ತಾಯಂದಿರೂ ಇದ್ದಾರೆ. ಅವರನ್ನ ನಾಚಿಸೋ ಹಕ್ಕು ಯಾರಿಗೂ ಇಲ್ಲ. ನನ್ನ ಸಿಟ್ಟು ಒಂದು ದಿನದ ಕೂಲಿ ಪೂರ್ತಿ ಡಬ್ಬಿಗೆ ಸುರಿದು, ತಿಂಗಳ ಕೊನೇಲಿ ನೀರು ಜಾಸ್ತಿ ಬೆರೆಸೋ ಸ್ಥಿತಿಗೆ ನಮ್ಮೋರನ್ನ ತಳ್ಳೋರ ಮೇಲೆ.

ನಮ್ಮ ಸಂಘಟನೆಗಳ ಅಣ್ಣಂದಿರಿಗೂ ಒಂದು ಮಾತು. ಒಳಮೀಸಲಾತಿ, ಭೂಮಿ, ಬಡ್ತಿ ಎಲ್ಲದಕ್ಕೂ ಮನವಿಪತ್ರ ಇದೆ ನಮ್ಮ ಹತ್ರ, ಬೇಕು ಕೂಡ. ನರೇಗಾ ಮಕ್ಕಳಿಗೆ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಬಂತು, ಸರಿ. ಪಟ್ಟಣದ ಬೀದಿ ಗುಡಿಸೋಳ ಕೂಸಿಗೆ ಎಲ್ಲಿದೆ ಮನೆ? ನಮ್ಮ ಯಾವ ಮನವೀಲೂ ಆ ಸಾಲು ನಾನು ನೋಡಿಲ್ಲ. ಇದು 'ಹೆಂಗಸರ ವಿಷ್ಯ' ಅಂತ ಅಕ್ಕಂದಿರ ಘಟಕಕ್ಕೆ ದಾಟಿಸಬೇಡಿ.

ಈಗ ಕೆಲಸ. ನಮ್ಮ ಹುಡುಗಿ ಪರವಾಗಿ ನಗರಸಭೆಗೆ ಅರ್ಜಿ ಹಾಕಿದ್ದೀವಿ: 26 ವಾರದ ಸಂಬಳ, ಎರಡು ಬಿಡುವು, ಕೂಸಿಗೆ ಜಾಗ. ಟಪಾಲಲ್ಲಿ ತಗೊಳ್ಳಲ್ಲ ಅಂದ್ರು. ಟಪಾಲು ತಗೊಳ್ಳಲ್ಲ ಅನ್ನೋ ಅಧಿಕಾರ ಯಾವ ಗುಮಾಸ್ತನಿಗೂ ಇಲ್ಲ ಅಂತ ಒಬ್ಬ ಗುಮಾಸ್ತೆಗೆ ಗೊತ್ತಿರಲ್ವಾ? ಸ್ವೀಕೃತಿ ಮೊಹರು ಒತ್ತಿಸ್ಕೊಂಡೇ ಬಂದೆ. ಅದೇ ನಮೂನೆ ಟೈಪ್ ಮಾಡಿಟ್ಟಿದ್ದೀನಿ, ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ. ತಾಯಿ ಕಾರ್ಡ್, ಹಾಜರಾತಿ ಪ್ರತಿ ಅಥವಾ ಸಂಬಳ ಜಮಾ ಆದ ಪಾಸ್‌ಬುಕ್ ಇಷ್ಟು ಸಾಕು. ಹಾಜರಾತಿ ಕೊಡಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಈ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಬೇಡ್ಕರ್ ಭವನದಲ್ಲಿ ಕೂತು ಅರ್ಜಿ ತುಂಬ್ತೀವಿ, ಆಶಾ ಅಕ್ಕಾನೂ ಬರ್ತಾಳೆ. ಬಾಣಂತಿಯರು ಕೂಸನ್ನ ಕರ್ಕೊಂಡೇ ಬನ್ನಿ, ಒಳಕೋಣೆಯಲ್ಲಿ ಚಾಪೆ ಹಾಸಿ ಪರದೆ ಕಟ್ಟಿರ್ತೀವಿ.