ಗೋರಟಾ: ಸ್ಮಾರಕದಲ್ಲಿ ಇಲ್ಲದ ನಿರಾಶ್ರಿತರು

ಬೀದರ್ ಜಿಲ್ಲೆಯ ಬಸವಕಲ್ಯಾಣ ಭಾಗದ ಗೋರಟಾ ಗ್ರಾಮದಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಗೊಂಡದ್ದು 2023ರ ಮಾರ್ಚ್ 26ರಂದು. ಕೇಂದ್ರ ಗೃಹ ಸಚಿವ ಅಮಿತ್ ಶಾ 103 ಅಡಿ ಎತ್ತರದ ಕಂಬದಲ್ಲಿ ತ್ರಿವರ್ಣ ಧ್ವಜ ಹಾರಿಸಿದರು, ಪಟೇಲರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಶಂಕುಸ್ಥಾಪನೆ ನಡೆದದ್ದು 2014ರಲ್ಲಿ. ಒಂಬತ್ತು ವರ್ಷ ಕುಂಟಿದ ಕಾಮಗಾರಿ ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ ಮುಗಿದದ್ದು ಕಾಕತಾಳೀಯವೆಂದು ಯಾರೂ ನಂಬಲಿಕ್ಕಿಲ್ಲ.

ಆದರೂ ಸ್ಮಾರಕ ಬೇಕಿತ್ತು. 1948ರ ಮೇ 9ರಂದು ರಜಾಕಾರರು ಈ ಊರನ್ನು ಮುತ್ತಿ ಸುಟ್ಟರು. ಸತ್ತವರು ಇನ್ನೂರಕ್ಕೂ ಹೆಚ್ಚು ಎನ್ನಲಾಗುತ್ತದೆ. ನಿಜಾಮನ ಸೀಮೆಯಲ್ಲಿ ತ್ರಿವರ್ಣ ಧ್ವಜ ಹಾರಿಸುವುದೇ ಅಪರಾಧವಾಗಿದ್ದ ದಿನಗಳವು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಕರೆಸಿಕೊಂಡ ಈ ಘಟನೆ ಹಳೆಯ ಮೈಸೂರು, ಮುಂಬೈ ಕರ್ನಾಟಕದ ಓದುಗರಿಗೆ ದಶಕಗಳ ಕಾಲ ಅಪರಿಚಿತವಾಗಿಯೇ ಉಳಿಯಿತು.

ಸ್ಮಾರಕ ನೆನೆಯುವುದು ಸತ್ತವರನ್ನು. ಬದುಕುಳಿದವರ ಕಥೆ ಬೇರೆಯೇ ಇದೆ. ಆ ವರ್ಷ ಬೀದರ್, ಗುಲ್ಬರ್ಗ, ಉಸ್ಮಾನಾಬಾದ್ ಜಿಲ್ಲೆಗಳ ಸಾವಿರಾರು ಕುಟುಂಬಗಳು ಮನೆ, ಹೊಲ, ದನಕರುಗಳನ್ನು ಬಿಟ್ಟು ಸೊಲ್ಲಾಪುರದ ಕಡೆಗೆ ದಾಟಿದವು. ಅದು ಪರದೇಶವಲ್ಲ, ಮುಂಬೈ ಪ್ರಾಂತ್ಯ. ಸ್ವತಂತ್ರ ಭಾರತಕ್ಕೆ ನಿರಾಶ್ರಿತರಾಗಿ ಬಂದ ಕನ್ನಡಿಗರಿವರು! ಗಡಿಯಲ್ಲಿ ಮುಂಡರಗಿಯಂತಹ ಶಿಬಿರಗಳು ತಲೆ ಎತ್ತಿದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿ ಶಿಬಿರವನ್ನು ಮುನ್ನಡೆಸಿದರು. ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆ ಮರಳಿದವರ ಪಾಲಿಗೆ ಉಳಿದದ್ದು ಸುಟ್ಟ ಗೋಡೆಗಳು, ಬಿತ್ತನೆ ತಪ್ಪಿದ ಹೊಲಗಳು. ಆ ಗೋಡೆಗಳನ್ನು ಮತ್ತೆ ಎಬ್ಬಿಸಿದವರು ಯಾರು, ಬೀಜ ಸಾಲವಾಗಿ ಕೊಟ್ಟವರು ಯಾರು ಎಂಬುದು ಕಲ್ಲಿನಲ್ಲಿ ಕೆತ್ತುವ ವಿಷಯವೆಂದು ನಮಗೆ ಇನ್ನೂ ಅನ್ನಿಸಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ಪೊಲೀಸ್ ಕಾರ್ಯಾಚರಣೆಯ ನಂತರ ಇದೇ ಜಿಲ್ಲೆಯಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಲಾಯಿತು. ಪಂಡಿತ್ ಸುಂದರಲಾಲ್ ಸಮಿತಿ ಸಂಸ್ಥಾನದಾದ್ಯಂತ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿ, ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ಅವರಲ್ಲೂ ಊರು ಬಿಟ್ಟವರಿದ್ದರು. ಇದನ್ನು ಹೇಳಿದರೆ ಗೋರಟಾದ ನೋವು ಕಡಿಮೆಯಾಗುವುದಿಲ್ಲ.

2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಪ್ರತಿ ಸೆಪ್ಟೆಂಬರ್ 17ಕ್ಕೆ ಉತ್ಸವವೂ ನಡೆಯುತ್ತದೆ. ಆದರೆ 1948ರಲ್ಲಿ ಹತ್ತು ವರ್ಷದ ಮಕ್ಕಳಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ. ಬೀದರ್, ಕಲಬುರ್ಗಿ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಧ್ವನಿಮುದ್ರಣ ಯಂತ್ರ ಹಿಡಿದು ಆ ಹಳ್ಳಿಗಳಿಗೆ ಹೋಗಬೇಕಾದರೆ ಅದು ಈ ವರ್ಷವೇ ಆಗಬೇಕು.