ಎದೆಬಡಿತಕ್ಕೆ ಗುಳಿಗೆ, ಎದೆಯ ಭಯಕ್ಕೆ?
ನಮ್ಮ ಮನೆಗಳಲ್ಲಿ ಬಿಪಿ ಗುಳಿಗೆಗೆ ಮರ್ಯಾದೆಯಿದೆ, ಮನಸ್ಸಿನ ಗುಳಿಗೆಗಿಲ್ಲ. ಗಲಭೆ ಕಂಡ ಹೆಣ್ಣುಮಗಳು ರಾತ್ರಿ ಬೆಚ್ಚಿ ಎದ್ದರೆ ‘ಬಿಪಿ’ ಎನ್ನುತ್ತೇವೆ, ಇಲ್ಲವೇ ತಾಯತ ಕಟ್ಟಿಸುತ್ತೇವೆ. ಪ್ರೊಪ್ರನೊಲಾಲ್ ಎದೆಬಡಿತ, ಕೈನಡುಕ ತಗ್ಗಿಸುತ್ತದೆ, ನಿಜ. ಅಸ್ತಮಾ ಇದ್ದವರಿಗೆ ಅದೇ ಅಪಾಯ. ದುಃಸ್ವಪ್ನಕ್ಕೆ ಕೊಡುವ ಪ್ರಾಜೊಸಿನ್ ಕೂಡ ರಕ್ತದೊತ್ತಡದ್ದೇ. ಮೊದಲ ಗುಳಿಗೆಗೇ ತಲೆಸುತ್ತಿ ಬೀಳುವವರಿದ್ದಾರೆ. ಕೆಲವರಿಗೆ ಅದರಿಂದ ನಿದ್ದೆ ಬಂದಿದೆ; ಆದರೆ ಅಮೆರಿಕದ 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಹಾಗಿರುವಾಗ ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಿಂದ ತಂದು ನುಂಗಿಸುವುದು ಯಾವ ಚಿಕಿತ್ಸೆ? ‘ಏನಾಯಿತಮ್ಮಾ’ ಎಂದೂ ಕೇಳದೆ ಚೀಟಿ ಗೀಚುವ ಡಾಕ್ಟರರಿಗೂ ಇದೇ ಪ್ರಶ್ನೆ. ನಿಮ್ಹಾನ್ಸ್ ಹೆಸರೆತ್ತಿದರೆ ಮಗಳ ನಿಕಾಹ್ ತಪ್ಪೀತೆಂದು ಅಳುಕುವ ಅಪ್ಪಂದಿರು ಮೊದಲು 14416ಕ್ಕಾದರೂ ಫೋನ್ ಮಾಡಲಿ. ಅದು ಸರಕಾರದ ಟೆಲಿ ಮಾನಸ್. ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.